ದೈತ್ಯನ ಸೈನ್ಯಕ್ಕೂ ಉಪ್ಪು ಬೇಕು

(ಓದುಗರ ಬಳಗವೊಂದರ ಕೂಟದಲ್ಲಿ ಪತ್ರಿಕೆಯ ವರದಿಗಾರರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ಇಂದಿನ ವಿಷಯ ‘ಯುದ್ಧ ಮಾಡುವ ದೈತ್ಯ ಯಂತ್ರಮಾನವರು’ ಎಂದು ಹೇಳಿದಾಗ ನಿಮ್ಮಲ್ಲಿ ಕೆಲವರು ಮುಗುಳ್ನಕ್ಕಿರಿ. ತಪ್ಪೇನಿಲ್ಲ. ಜಪಾನಿನ ಕಾರ್ಟೂನು, ಮಕ್ಕಳ ಆಟಿಕೆ, ಅದಕ್ಕೊಂದು ಭಾಷಣವೆ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ವರದಿಗಾರರಿಗೆ ಒಂದು ಅಭ್ಯಾಸ ಅಂಟಿಕೊಂಡಿರುತ್ತದೆ. ಯಾವ ಯಂತ್ರದ, ಯಾವ ಯೋಜನೆಯ ಉದ್ಘಾಟನೆಗೆ ಹೋದರೂ ಟೇಪು ಕತ್ತರಿಸಿದ ಮೇಲೆ ನಾವು ಕೇಳುವ ಪ್ರಶ್ನೆಗಳು ಮೂರು. ಖರ್ಚೆಷ್ಟು? ನಡೆಸುವವರು ಯಾರು? ಕೆಟ್ಟರೆ ರಿಪೇರಿ ಮಾಡುವವರು ಯಾರು? ಇದೇ ಮೂರು ಪ್ರಶ್ನೆಗಳನ್ನು ಈ ಕಾಲ್ಪನಿಕ ದೈತ್ಯರಿಗೂ ಕೇಳಿದರೆ ಏನಾಗುತ್ತದೆ? ಅವರ ಕತೆ ಬರೆದವರು ನಮಗಿಂತ ಮೊದಲೇ ಈ ಪ್ರಶ್ನೆಗಳನ್ನು ಕೇಳಿಕೊಂಡಿದ್ದರು ಎಂಬುದು ತಿಳಿಯುತ್ತದೆ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ.

ಮೊದಲು ‘ನಡೆಸುವವರು ಯಾರು’ ಎಂಬ ಪ್ರಶ್ನೆ. 1956ರಲ್ಲಿ ಮಿತ್ಸುತೆರು ಯೊಕೊಯಾಮಾ ಅವರ ‘ತೆತ್ಸುಜಿನ್ 28’ ಎಂಬ ಚಿತ್ರಕತೆ ಶುರುವಾಯಿತು. ಯುದ್ಧಕಾಲದಲ್ಲಿ ಸೇನೆಗಾಗಿ ಗುಟ್ಟಾಗಿ ತಯಾರಿಸಿದ ಉಕ್ಕಿನ ದೈತ್ಯನೊಬ್ಬನನ್ನು ಒಬ್ಬ ಹುಡುಗ ರಿಮೋಟ್ ಪೆಟ್ಟಿಗೆಯಿಂದ ನಡೆಸುತ್ತಾನೆ. ಚಾಲಕ ದೂರದಲ್ಲಿರುವುದರಿಂದ ಅವನ ಜೀವಕ್ಕೆ ಅಪಾಯ ಕಡಿಮೆ. ಆದರೆ ಪೆಟ್ಟಿಗೆ ಕಳ್ಳನ ಕೈಸೇರಿದರೆ ದೈತ್ಯನೂ ಕಳ್ಳನವನೇ! ಯಂತ್ರಕ್ಕೆ ಒಳಿತು ಕೆಡುಕು ಗೊತ್ತಿಲ್ಲ. 1972ರಲ್ಲಿ ಗೋ ನಾಗಾಯಿ ಅವರ ‘ಮಾಜಿಂಗರ್ ಜಡ್’ ಬಂತು. ಅದರಲ್ಲಿ ಚಾಲಕ ಪುಟ್ಟ ವಿಮಾನವೊಂದರಲ್ಲಿ ಹಾರಿ ಬಂದು ದೈತ್ಯನ ತಲೆಯಲ್ಲೇ ಕೂರುತ್ತಾನೆ. ಕಳ್ಳತನದ ಭಯ ಕಡಿಮೆಯಾಯಿತು, ಆದರೆ ಪ್ರತಿ ಏಟೂ ಒಳಗಿನ ಮನುಷ್ಯನಿಗೆ ತಗಲುವಂತಾಯಿತು. ಒಂದನ್ನು ಪಡೆಯಬೇಕಾದರೆ ಇನ್ನೊಂದನ್ನು ಬಿಡಬೇಕು. ಎಂಜಿನಿಯರಿಂಗ್‌ನ ಮೊದಲ ಪಾಠವೇ ಇದು.

ಎರಡನೆಯದು ಮೈಭಾರದ ಪ್ರಶ್ನೆ. ಈ ದೈತ್ಯರಲ್ಲಿ ಅತ್ಯಂತ ಹೆಸರಾದ ಗನ್‌ಡಮ್‌ನ ಎತ್ತರ 18 ಮೀಟರ್, ಅಂದರೆ 59 ಅಡಿ. ಶ್ರವಣಬೆಳಗೊಳದ ಗೊಮ್ಮಟ ಸುಮಾರು 58 ಅಡಿ. ಹೆಚ್ಚುಕಡಿಮೆ ಅಷ್ಟೇ ಎತ್ತರದ ಆಕೃತಿ ಎದ್ದು ಓಡುವುದನ್ನು ಊಹಿಸಿಕೊಳ್ಳಿ. 1.8 ಮೀಟರ್ ಎತ್ತರದ ಮನುಷ್ಯನನ್ನು ಹತ್ತು ಪಟ್ಟು ಹಿಗ್ಗಿಸಿದರೆ ಅವನ ತೂಕ ಹತ್ತಲ್ಲ, ಸಾವಿರ ಪಟ್ಟು ಆಗುತ್ತದೆ. ಆ ತೂಕ ಹೊರಬೇಕಾದ ಕಾಲಿನ ಅಡ್ಡಳತೆಯ ವಿಸ್ತೀರ್ಣ ಹೆಚ್ಚುವುದು ನೂರು ಪಟ್ಟು ಮಾತ್ರ. ಅಂದರೆ ಮೂಳೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಹತ್ತು ಪಟ್ಟು ಭಾರ. ನಿಮ್ಮಷ್ಟೇ ತೂಕದ ಒಂಬತ್ತು ಮಂದಿಯನ್ನು ಹೆಗಲ ಮೇಲೆ ಹೊತ್ತು ಓಡಿದ ಹಾಗೆ! ಗೆಲಿಲಿಯೊ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲೇ ಈ ಲೆಕ್ಕ ಕೊಟ್ಟಿದ್ದಾನೆ.

ಯುದ್ಧರಂಗದಲ್ಲಿ ಎತ್ತರವೇ ಒಂದು ದೋಷ ಎಂಬುದೂ ನಿಜ. ನಮ್ಮ ಸೇನೆಯಲ್ಲಿರುವ ಟಿ-72 ಟ್ಯಾಂಕಿನ ತೂಕ ಸುಮಾರು 41 ಟನ್, ಎತ್ತರ ಎರಡೂಕಾಲು ಮೀಟರಿನಷ್ಟು. ನೆಲಕ್ಕೆ ಅಂಟಿಕೊಂಡಷ್ಟೂ ಅದಕ್ಕೆ ಕ್ಷೇಮ. ತೂಕ ಹಂಚಿಕೊಳ್ಳಲು ಎರಡು ಉದ್ದನೆಯ ಸರಪಳಿ ಪಟ್ಟಿಗಳಿವೆ. ಗನ್‌ಡಮ್‌ನ ಬರಿಯ ತೂಕ 43.4 ಟನ್, ಎಲ್ಲ ತುಂಬಿಕೊಂಡರೆ 60 ಟನ್. ನಡೆಯುವಾಗ ಅಷ್ಟೂ ಭಾರ ಒಂದೇ ಪಾದದ ಮೇಲೆ. ಗದ್ದೆಗೆ ಇಳಿದರೆ ಹೂತುಹೋಗುತ್ತದೆ, ಬಯಲಲ್ಲಿ ನಿಂತರೆ ಹತ್ತಾರು ಕಿಲೋಮೀಟರ್ ದೂರದ ರೇಡಾರಿಗೂ ಕಾಣುತ್ತದೆ.

ಹಾಗಿದ್ದ ಮೇಲೆ ಕತೆಗಾರ ಏನು ಮಾಡಬೇಕು? 1979ರ ಏಪ್ರಿಲ್ 7ರಂದು ಜಪಾನಿನ ಟೆಲಿವಿಷನ್‌ನಲ್ಲಿ ‘ಮೊಬೈಲ್ ಸೂಟ್ ಗನ್‌ಡಮ್’ ಧಾರಾವಾಹಿ ಆರಂಭವಾಯಿತು. ನಿರ್ದೇಶಕರು ಯೊಶಿಯುಕಿ ತೊಮಿನೊ, ಯಂತ್ರಗಳ ವಿನ್ಯಾಸ ಕುನಿಯೊ ಒಕಾವಾರಾ ಅವರದು. ಹಣ ಹಾಕಿದ್ದು ಕ್ಲೋವರ್ ಎಂಬ ಆಟಿಕೆ ಕಂಪೆನಿ. ದೈತ್ಯನಿಲ್ಲದಿದ್ದರೆ ಆಟಿಕೆಯಿಲ್ಲ, ಆಟಿಕೆಯಿಲ್ಲದಿದ್ದರೆ ಧಾರಾವಾಹಿಯಿಲ್ಲ. ಆದ್ದರಿಂದ ದೈತ್ಯ ಇರಲೇಬೇಕು. ಅವನಿರುವುದಕ್ಕೆ ಕಾರಣವೊಂದನ್ನು ಹುಡುಕಬೇಕಷ್ಟೆ.

ಅವರು ಹುಡುಕಿದ ಕಾರಣ ‘ಮಿನೋವ್‌ಸ್ಕಿ ಕಣ’. ಈ ಕಾಲ್ಪನಿಕ ಕಣವನ್ನು ಹರಡಿದರೆ ರೇಡಾರ್ ಕುರುಡಾಗುತ್ತದೆ, ರೇಡಿಯೊ ಮೂಕವಾಗುತ್ತದೆ, ಗುರಿ ಹುಡುಕಿ ಹೋಗುವ ಕ್ಷಿಪಣಿಗಳು ದಾರಿ ತಪ್ಪುತ್ತವೆ. ಆಗ ಯುದ್ಧ ಮತ್ತೆ ಕಣ್ಣಳತೆಗೆ, ಕೈಯಳತೆಗೆ ಬರುತ್ತದೆ. ಕೈಕಾಲಿರುವ ಯಂತ್ರಕ್ಕೆ ಬೆಲೆ ಬರುತ್ತದೆ. ಬಾಹ್ಯಾಕಾಶದಲ್ಲಿ ಕಾಲೇಕೆ ಎಂಬ ಪ್ರಶ್ನೆಗೂ 1981ರಲ್ಲಿ ಬಂದ ‘ಗನ್‌ಡಮ್ ಸೆಂಚುರಿ’ ಎಂಬ ಪುಸ್ತಕ ಉತ್ತರ ಕೊಟ್ಟಿತು. ಕೈಕಾಲು ಬೀಸಿ ಮೈ ತಿರುಗಿಸಿಕೊಂಡರೆ ಅಷ್ಟರಮಟ್ಟಿಗೆ ಇಂಧನ ಉಳಿಯುತ್ತದೆ! ಬೀಳುವ ಬೆಕ್ಕು ಗಾಳಿಯಲ್ಲೇ ಹೊರಳುವ ಹಾಗೆ. ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಹೇಳಬೇಕು ಎನ್ನುತ್ತೇವೆ. ಇಲ್ಲಿ ಒಂದು ಸುಳ್ಳಿನ ಸುತ್ತ ಆದಷ್ಟೂ ನಿಜವನ್ನೇ ಕೂಡಿಸುವ ಪ್ರಯತ್ನ ನಡೆಯಿತು.

ಖರ್ಚಿನ ಪ್ರಶ್ನೆಯೂ ಕತೆಯೊಳಗೇ ಬಂತು. ಗನ್‌ಡಮ್ ಪ್ರಯೋಗಕ್ಕೆಂದು ಮಾಡಿದ ಯಂತ್ರ. ಅದರ ಕವಚ ದುಬಾರಿ ಮಿಶ್ರಲೋಹದ್ದು. ಹೊಟ್ಟೆಯೊಳಗೆ ಒಂದು ಪುಟ್ಟ ವಿಮಾನವಿದೆ. ದೈತ್ಯ ನಾಶವಾದರೂ ಚಾಲಕನೂ, ಯುದ್ಧದ ಅನುಭವ ದಾಖಲಿಸಿಕೊಂಡ ಕಂಪ್ಯೂಟರೂ ಪಾರಾಗಲಿ ಎಂಬ ಏರ್ಪಾಡು. ಆದರೆ ಸೈನ್ಯಕ್ಕೆ ನೂರಾರು ಯಂತ್ರಗಳು ಬೇಕಾದಾಗ ತಯಾರಾದದ್ದು ‘ಜಿಮ್’ ಎಂಬ ಅಗ್ಗದ ಮಾದರಿ. ಕವಚ ಕಡಿಮೆ ದರ್ಜೆಯದು, ಬಂದೂಕಿನ ಶಕ್ತಿ ಕಡಿಮೆ, ಪಾರಾಗುವ ವಿಮಾನವಂತೂ ಇಲ್ಲವೇ ಇಲ್ಲ. ಲೆಕ್ಕಪತ್ರದಲ್ಲಿ ಮೊದಲು ಕತ್ತರಿ ಬಿದ್ದದ್ದು ಚಾಲಕನ ಜೀವರಕ್ಷಣೆಗೆ. ನಾಯಕನಿಗೆ ಗನ್‌ಡಮ್, ಹೆಸರಿಲ್ಲದವರಿಗೆ ಜಿಮ್. ಮಕ್ಕಳ ಧಾರಾವಾಹಿ ಇಷ್ಟು ಕಹಿಯಾದ ಮಾತನ್ನು ಹೇಳಿತ್ತು.

ಇನ್ನು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಹದಿನಾರನೆಯ ಕಂತಿನಲ್ಲಿ ನಾಯಕರ ಹಡಗಿನ ಅಡುಗೆಯವ ತಮುರಾ ಬಂದು ಒಂದು ಸುದ್ದಿ ಹೇಳುತ್ತಾನೆ: ಉಪ್ಪು ಮುಗಿಯುತ್ತಿದೆ. ಜಗತ್ತಿನ ಅತ್ಯುತ್ತಮ ಆಯುಧ ಹೊತ್ತ ಹಡಗು ಆಗ ಉಪ್ಪಿನ ಸರೋವರವೊಂದನ್ನು ಹುಡುಕಿಕೊಂಡು ಹೊರಡುತ್ತದೆ. ಉಪ್ಪಿಲ್ಲದೆ ಬೆವರುವ ಸೈನಿಕ ನಿಲ್ಲಲಾರ, ಸೈನಿಕ ನಿಲ್ಲದಿದ್ದರೆ ದೈತ್ಯನೂ ನಿಲ್ಲಲಾರ. ಇದೇ ಧಾರಾವಾಹಿಯಲ್ಲಿ ಬಿಡಿಭಾಗ, ಮದ್ದುಗುಂಡು ಹೊತ್ತು ತರುವ ಸರಬರಾಜು ಪಡೆಯ ಅಧಿಕಾರಿಣಿ ಮಟಿಲ್ಡಾ ಇದ್ದಾಳೆ. ಸಾಮಾನು ತಲುಪಿಸುವ ಕೆಲಸದಲ್ಲಿರುವ ಆಕೆಯೂ ಯುದ್ಧದಲ್ಲೇ ಸಾಯುತ್ತಾಳೆ.

ತೊಮಿನೊ ಹುಟ್ಟಿದ್ದು 1941ರಲ್ಲಿ, ಯೊಕೊಯಾಮಾ 1934ರಲ್ಲಿ. ಇಬ್ಬರೂ ಸೋತ ದೇಶದಲ್ಲಿ ಬೆಳೆದವರು. ಆ ದೇಶದ ನೆನಪಿನಲ್ಲಿ ಗ್ವಾಡಲ್‌ಕೆನಾಲ್ ಎಂಬ ದ್ವೀಪವಿದೆ. 1942-43ರಲ್ಲಿ ಅಲ್ಲಿ ಸುಮಾರು 20 ಸಾವಿರ ಜಪಾನಿ ಸೈನಿಕರು ಸತ್ತರು, ಅವರಲ್ಲಿ ದೊಡ್ಡ ಪಾಲು ಹಸಿವಿನಿಂದ, ಕಾಯಿಲೆಯಿಂದ. ದ್ವೀಪದ ಹೆಸರಿನ ಮೊದಲ ಅಕ್ಷರವನ್ನು ಜಪಾನೀಯರು ‘ಹಸಿವು’ ಎಂಬ ಅರ್ಥದ ಲಿಪಿಯಿಂದಲೇ ಬರೆಯತೊಡಗಿದರು. ಜಗತ್ತಿನಲ್ಲೇ ದೊಡ್ಡದಾದ ಯುದ್ಧನೌಕೆ ಕಟ್ಟಿದ್ದ ದೇಶಕ್ಕೆ ತನ್ನ ಸೈನಿಕರಿಗೆ ಅಕ್ಕಿ ತಲುಪಿಸಲಾಗಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ದಾರುಣ ಉದಾಹರಣೆ ಸಿಗಲಾರದು. ಇದನ್ನು ತಿಳಿದ ಮೇಲೆ ಆ ಉಪ್ಪಿನ ಕಂತು ನನಗೆ ಬರಿಯ ತಮಾಷೆಯಾಗಿ ಕಾಣಲಿಲ್ಲ.

ಗನ್‌ಡಮ್ ಆಗ ಗೆಲ್ಲಲಿಲ್ಲ ಎಂಬುದನ್ನೂ ಹೇಳಬೇಕು. ಆಟಿಕೆಗಳು ನಿರೀಕ್ಷಿಸಿದಷ್ಟು ಮಾರಾಟವಾಗದೆ, 52 ಕಂತುಗಳೆಂದು ಯೋಜಿಸಿದ್ದ ಧಾರಾವಾಹಿ 1980ರ ಜನವರಿಯಲ್ಲಿ 43ಕ್ಕೇ ನಿಂತಿತು. ಅದೇ ವರ್ಷ ಬಂಡಾಯಿ ಕಂಪೆನಿ ಹೊರತಂದ ಪ್ಲಾಸ್ಟಿಕ್ ಮಾದರಿಗಳು ಮತ್ತು ಮರುಪ್ರಸಾರಗಳು ಅದಕ್ಕೆ ಮರುಜನ್ಮ ಕೊಟ್ಟವು.

ಮುಂದೆ ಬಂದವರೂ ಮಿತಿಯಿಂದಲೇ ಕತೆ ಕಟ್ಟಿದರು. 1988ರ ‘ಪ್ಯಾಟ್‌ಲೇಬರ್’ನಲ್ಲಿ ದೈತ್ಯರು ಕಟ್ಟಡ ಕೆಲಸದ ಯಂತ್ರಗಳು, ಅವುಗಳ ಪುಂಡಾಟ ತಡೆಯಲು ಪೊಲೀಸರ ಬಳಿಯೂ ಎಂಟು ಮೀಟರ್ ಎತ್ತರದ ಯಂತ್ರಗಳಿವೆ. ಅವು ನಡೆದು ಹೋಗುವುದಿಲ್ಲ, ಟ್ರೇಲರ್ ಮೇಲೆ ಮಲಗಿ ಸ್ಥಳಕ್ಕೆ ಹೋಗುತ್ತವೆ. ಅಲ್ಲಿ ಮೆಕ್ಯಾನಿಕ್‌ಗಳಿಗೆ ನಾಯಕರಷ್ಟೇ ಮಾತಿದೆ. 1995ರ ‘ಇವ್ಯಾಂಜಲಿಯನ್’ನ ದೈತ್ಯನ ಬೆನ್ನಿಗೆ ಹೊಕ್ಕುಳಬಳ್ಳಿಯಂಥ ವಿದ್ಯುತ್ ಕೇಬಲ್ ಇದೆ. ಅದು ಕಳಚಿದರೆ ಆಯುಷ್ಯ ಐದೇ ನಿಮಿಷ.

ಅಮೆರಿಕದಲ್ಲಿ 1984ರಲ್ಲಿ ಆರಂಭವಾದ ‘ಬ್ಯಾಟಲ್‌ಟೆಕ್’ ಎಂಬ ಮೇಜಿನ ಆಟ ಈ ಲೆಕ್ಕವನ್ನು ಆಟಗಾರನ ಕೈಗೇ ಕೊಟ್ಟಿತು. ನಿಮ್ಮ ಯಂತ್ರದ ತೂಕ 20ರಿಂದ 100 ಟನ್. ಎಂಜಿನ್, ಕವಚ, ಆಯುಧ ಎಲ್ಲವೂ ಅದರಲ್ಲೇ ಹಿಡಿಯಬೇಕು. ಒಂದು ದೊಡ್ಡ ಕಣ-ಫಿರಂಗಿಗೆ ಏಳು ಟನ್. ಒಮ್ಮೆ ಹಾರಿಸಿದರೆ ಹತ್ತು ಅಂಶ ಶಾಖ ಏರುತ್ತದೆ. ಒಂದು ಸಾಧಾರಣ ಶಾಖನಿವಾರಕ ಒಂದು ಸರದಿಯಲ್ಲಿ ಇಳಿಸುವುದು ಒಂದೇ ಅಂಶ. ಕೈತುಂಬ ಆಯುಧ ಹೊತ್ತು ಎಲ್ಲವನ್ನೂ ಒಟ್ಟಿಗೆ ಹಾರಿಸಿದವನ ಯಂತ್ರ ಶತ್ರುವಿನ ಏಟಿಲ್ಲದೆಯೇ ಕಾದು ನಿಂತುಬಿಡುತ್ತದೆ.

ಕೊನೆಗೆ ಕಲ್ಪನೆ ನೆಲಕ್ಕಿಳಿದದ್ದೂ ಆಯಿತು. 2020ರ ಡಿಸೆಂಬರಿನಿಂದ 2024ರ ಮಾರ್ಚ್‌ವರೆಗೆ ಯೊಕೊಹಾಮಾ ಬಂದರಿನಲ್ಲಿ 18 ಮೀಟರ್ ಎತ್ತರದ, ಕೈಕಾಲು ಆಡಿಸುವ ಗನ್‌ಡಮ್ ನಿಂತಿತ್ತು. ತೂಕ ಸುಮಾರು 25 ಟನ್. ಜನ ಕತ್ತೆತ್ತಿ ನೋಡಿದರು. ಆದರೆ ಅದರ ಸೊಂಟವನ್ನು ಹಿಂದಿನಿಂದ ಉಕ್ಕಿನ ಆಧಾರವೊಂದು ಹಿಡಿದುಕೊಂಡಿತ್ತು. ಅದು ಹೆಜ್ಜೆ ಹಾಕಿದಂತೆ ಕಂಡರೂ ಭಾರ ಕಾಲಿನ ಮೇಲಿರಲಿಲ್ಲ. ಗೆಲಿಲಿಯೊನ ಲೆಕ್ಕವನ್ನು ಯಾರೂ ದಾಟಿರಲಿಲ್ಲ.

ಸ್ನೇಹಿತರೆ, ಆಯುಧಗಳ ಮೆರವಣಿಗೆ ನೋಡಿದಾಗ ನಮ್ಮ ಕಣ್ಣು ಹೋಗುವುದು ಫಿರಂಗಿಯ ಕಡೆಗೆ. ಅದರ ಹಿಂದೆ ಬರುವ ಲಾರಿಗಳನ್ನು, ಅಡುಗೆಯವರನ್ನು, ಎಣ್ಣೆ ಕೈಯ ಮೆಕ್ಯಾನಿಕ್‌ಗಳನ್ನು ಯಾರೂ ಫೋಟೊ ತೆಗೆಯುವುದಿಲ್ಲ. ನಾವು ಪತ್ರಿಕೆಯವರೂ ತೆಗೆಯುವುದಿಲ್ಲ. ನಿಮ್ಮ ಮನೆಯ ಮಗು ಇಂಥ ಧಾರಾವಾಹಿಯನ್ನು ನೋಡುತ್ತಿದ್ದರೆ ಒಮ್ಮೆ ಪಕ್ಕದಲ್ಲಿ ಕುಳಿತುಕೊಳ್ಳಿ. ದೈತ್ಯ ಎಷ್ಟು ಬಲಶಾಲಿ ಎಂದು ಮಗು ಹೇಳುತ್ತದೆ. ಆ ಹಡಗಿನಲ್ಲಿ ಅಡುಗೆ ಮಾಡುವವರು ಯಾರು ಎಂದು ನೀವು ಕೇಳಿ.