ಇಂಟರ್ನ್‌ಶಿಪ್: ಪ್ರಮಾಣಪತ್ರವೋ, ಪಾಠವೋ?

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ವ್ಯಾಪಾರ ನನ್ನ ವಿಷಯವಲ್ಲ. ಆದರೂ ಇಂದು ಒಂದು ಸಣ್ಣ ವ್ಯಾಪಾರದ ಬಗ್ಗೆ, ಅದಕ್ಕೆ ನೆರವಾದ ಒಬ್ಬ ವಿದ್ಯಾರ್ಥಿನಿಯ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇನೆ. ಅವರಿಬ್ಬರ ಮರ್ಯಾದೆ ದೊಡ್ಡದು. ಆದ್ದರಿಂದ ಹೆಸರು ಹೇಳುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಿ.ಕಾಂ. ಓದುತ್ತಿದ್ದಳು. ಒಂದು ಸಂಜೆ ಮನೆಗೆ ಬಂದು, “ಸರ್, ಎಂಟು ವಾರ ಇಂಟರ್ನ್‌ಶಿಪ್ ಮಾಡಬೇಕಂತೆ. ಐನೂರು ರೂಪಾಯಿ ಕೊಟ್ಟರೆ ಒಬ್ಬರು ಹಾಗೇ ಸರ್ಟಿಫಿಕೇಟ್ ಬರೆದುಕೊಡ್ತಾರಂತೆ. ತಗೊಳ್ಳಲಾ?” ಎಂದು ಕೇಳಿದಳು. ದೊಡ್ಡ ಊರಿಗೆ ಹೋಗಿ ಕಂಪನಿಯಲ್ಲಿ ಕಲಿಯಲು ಅವಳ ಮನೆಯಲ್ಲಿ ಹಣವಿರಲಿಲ್ಲ.

“ಬೇಡಮ್ಮಾ, ನಮ್ಮ ಓಣಿಯ ಖಾಲಾ ಹತ್ತಿರ ಹೋಗು” ಎಂದೆ. ಅವಳು ನಕ್ಕಳು. “ಸರ್, ಅವರು ರೊಟ್ಟಿ ಮಾಡೋರು!”

ಹೌದು. ಖಾಲಾ ದಿನಕ್ಕೆ ನೂರು ಜೋಳದ ಕಡಕ್ ರೊಟ್ಟಿ ಮಾಡಿ ಒಂದು ಖಾನಾವಳಿಗೆ ಕೊಡುತ್ತಿದ್ದರು. ರೊಟ್ಟಿಗೆ ಐದು ರೂಪಾಯಿ. ಹತ್ತನೇ ತರಗತಿ ಪಾಸಾಗಿದ್ದ ಅವರ ಮಗಳು ಓದು ಬಿಟ್ಟು ತಾಯಿಯ ಜೊತೆ ಒಲೆಯ ಮುಂದೆ ಕುಳಿತಿದ್ದಳು. ಬೇರೆ ಗಿರಾಕಿಗಳಿಗೆ ಮಾರಿ ಸ್ವಂತ ವ್ಯಾಪಾರ ಮಾಡಬೇಕೆಂಬ ಆಸೆ ಖಾಲಾ ಅವರಿಗಿತ್ತು. ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಿರಲಿಲ್ಲ.

ನನ್ನ ವಿದ್ಯಾರ್ಥಿನಿ ಮೊದಲ ವಾರ ಏನೂ ಸಲಹೆ ಕೊಡಲಿಲ್ಲ. ಒಂದು ನೋಟ್ ಪುಸ್ತಕ ಇಟ್ಟುಕೊಂಡು ಕಂಡದ್ದನ್ನೆಲ್ಲ ಬರೆದಳು. ಖಾಲಾ ಅವರಿಗೆ ಓದಲು ಬರುವುದು ಉರ್ದು ಮಾತ್ರ. ಹೀಗಾಗಿ ಲೆಕ್ಕ ಉರ್ದುವಿನಲ್ಲಿ, ಕಚೇರಿಯ ಅರ್ಜಿ ಕನ್ನಡದಲ್ಲಿ. ಎರಡೂ ಭಾಷೆ ಕಲಿಸಿದ ನನಗೆ ಅಂದು ಆದ ಸಂತೋಷ ಅಷ್ಟಿಷ್ಟಲ್ಲ.

ಲೆಕ್ಕ ಹೀಗಿತ್ತು. ನೂರು ರೊಟ್ಟಿಗೆ ಬರಬೇಕಾದದ್ದು 500 ರೂಪಾಯಿ. ಐದು ಕಿಲೋ ಜೋಳ, ಬೀಸುವ ಕೂಲಿ ಸೇರಿ 265. ಕಟ್ಟಿಗೆ 65. ಆಟೋ 40. ಮುರಿದವೆಂದು ಖಾನಾವಳಿಯವರು ದಿನಾ ಆರು ರೊಟ್ಟಿ ಹಿಂದಕ್ಕೆ ಕಳಿಸುತ್ತಿದ್ದರು, ಅದು 30. ಉಳಿದದ್ದು ಬರೀ 100 ರೂಪಾಯಿ. ದುಡಿದದ್ದು ಇಬ್ಬರು, ತಲಾ ಏಳು ಗಂಟೆ. ಗಂಟೆಗೆ ಏಳು ರೂಪಾಯಿ ಚಿಲ್ಲರೆ! ಅದರಲ್ಲೂ ಖಾನಾವಳಿಯಿಂದ ಬರಬೇಕಾದ ನಾಲ್ಕು ಸಾವಿರ ಉಧಾರಿ ಹಾಗೇ ನಿಂತಿತ್ತು.

ಖಾಲಾ ನಂಬಲಿಲ್ಲ. “ಬೇಟಿ, ನಿನ್ನ ಲೆಕ್ಕ ತಪ್ಪಿದೆ. ಇನ್ನೊಂದು ವಾರ ಬರೆ” ಎಂದರು. ಬರೆದಳು. ಅಷ್ಟೇ ಬಂತು. ಆಗ ಖಾಲಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಇಷ್ಟು ದಿನ ನನ್ನ ಮಗಳ ಕೈ ಪುಕ್ಕಟೆ ದುಡಿಯಿತೇನಮ್ಮಾ?” ಎಂದರಂತೆ.

ಸ್ನೇಹಿತರೇ, ಈ ಒಂದು ಪ್ರಶ್ನೆಯಿಂದಲೇ ಆ ವ್ಯಾಪಾರ ನಿಜವಾಗಿ ಶುರುವಾಯಿತು. ನಮ್ಮ ಮನೆಗಳಲ್ಲಿ ಜೋಳಕ್ಕೆ ಬೆಲೆಯಿದೆ, ಕಟ್ಟಿಗೆಗೆ ಬೆಲೆಯಿದೆ, ಹೆಣ್ಣುಮಕ್ಕಳ ದುಡಿಮೆಗೆ ಬೆಲೆ ಕಟ್ಟುವವರಿಲ್ಲ. ನನ್ನ ಅಬ್ಬಾ ಅವರ ಕಿರಾಣಿ ಅಂಗಡಿ ಮುಚ್ಚಿದ್ದೂ ಹೀಗೆಯೇ. ವ್ಯಾಪಾರ ಚೆನ್ನಾಗಿತ್ತು, ಉಧಾರಿಯನ್ನು ಬರೆದಿಡುವ ರೂಢಿ ಇರಲಿಲ್ಲ. ಕೊಟ್ಟದ್ದು ಪಡೆದದ್ದನ್ನು ಬರೆದಿಡಿ ಎಂಬ ಮಾತು ನಮಗ್ಯಾರಿಗೂ ಹೊಸದಲ್ಲ. ಕೇಳಿದ್ದೇವೆ, ಮಾಡಿಲ್ಲ.

ವಿದ್ಯಾರ್ಥಿಗಳು ಹೀಗೆ ಬರೆದ ಪಟ್ಟಿಯಿಂದ ಎಂಥ ಕೆಲಸ ಆಗಬಹುದೆಂಬುದಕ್ಕೆ ಒಂದು ದೊಡ್ಡ ಉದಾಹರಣೆಯಿದೆ. ಬಾಂಗ್ಲಾದೇಶದ ಚಿತ್ತಗಾಂಗ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಮುಹಮ್ಮದ್ ಯೂನುಸ್ ಅವರು ಪಕ್ಕದ ಜೋಬ್ರಾ ಗ್ರಾಮದಲ್ಲಿ ಬಿದಿರಿನ ಮೋಡ ಹೆಣೆಯುವ ಹೆಂಗಸರನ್ನು ಕಂಡರು. ಸಾಲ ಕೊಟ್ಟ ವ್ಯಾಪಾರಿಗೇ ಸರಕು ಕೊಡಬೇಕು, ಅವನು ಹೇಳಿದ್ದೇ ಬೆಲೆ. ಯೂನುಸ್ ಅವರು ವಿದ್ಯಾರ್ಥಿನಿಯೊಬ್ಬಳಿಂದ ಇಂಥವರ ಪಟ್ಟಿ ಮಾಡಿಸಿದರು. ಪಟ್ಟಿಯಲ್ಲಿ 42 ಜನರಿದ್ದರು. ಎಲ್ಲರಿಗೂ ಸೇರಿ ಬೇಕಾದದ್ದು 856 ಟಾಕಾ, ಅಂದರೆ ಸುಮಾರು 27 ಡಾಲರ್ ಮಾತ್ರ! ಅದನ್ನು ಅವರು ತಮ್ಮ ಜೇಬಿನಿಂದಲೇ ಕೊಟ್ಟರು. ಈ ಕೆಲಸವೇ ಬೆಳೆದು 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು. 2006ರಲ್ಲಿ ಅವರಿಗೂ ಬ್ಯಾಂಕಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆ ಪಟ್ಟಿ ಬರೆದವಳು ಒಬ್ಬ ವಿದ್ಯಾರ್ಥಿನಿ ಎಂಬುದನ್ನು ನೀವು ನೆನಪಿಡಬೇಕು.

ಈಗ ನಮ್ಮ ಓಣಿಗೆ ಬರೋಣ. ಹತ್ತು ರೊಟ್ಟಿಯ ಪ್ಯಾಕೆಟ್ ಮಾಡಿ ನೇರವಾಗಿ ಮನೆಗಳಿಗೆ 80 ರೂಪಾಯಿಯಂತೆ ಮಾರುವುದೆಂದು ನಿಶ್ಚಯವಾಯಿತು. ತಿನ್ನುವ ಪದಾರ್ಥ ಮಾರಲು ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ನೋಂದಣಿ ಬೇಕು. ಅಲ್ಲಿ ಸಿಗುವ 14 ಅಂಕಿಗಳ ಸಂಖ್ಯೆಯನ್ನು ಪ್ಯಾಕೆಟ್ ಮೇಲೆ ಹಾಕಬೇಕು. ಹೆಸರು, ವಿಳಾಸ, ತೂಕ, ಬೆಲೆ, ತಯಾರಿಸಿದ ದಿನಾಂಕವೂ ಇರಬೇಕು. 2020ರ ಜುಲೈಯಲ್ಲಿ ಆರಂಭವಾದ ‘ಉದ್ಯಮ್’ ನೋಂದಣಿಯನ್ನೂ ಮಾಡಿಸಿದಳು. ಅದು ಸಂಪೂರ್ಣ ಉಚಿತ. ಆದರೆ ಇದಕ್ಕೆ ಮೊದಲು ಅರ್ಜಿ ತುಂಬಿಕೊಡುವ ಒಬ್ಬರು ಖಾಲಾ ಅವರಿಗೆ 1,500 ರೂಪಾಯಿ ಕೇಳಿದ್ದರಂತೆ! ಓದು ಬಂದವರು ಪಕ್ಕದಲ್ಲಿದ್ದರೆ ಬಡವರಿಗೆ ಎಷ್ಟು ಉಳಿಯುತ್ತದೆ ನೋಡಿ.

ಬಂಡವಾಳಕ್ಕೆ ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡವಿಲ್ಲದೆ ಸಾಲ ಸಿಗುತ್ತದೆಂದು ಅವಳು ತಿಳಿಸಿದಳು. ಬಡ್ಡಿಯ ಸಾಲ ಬೇಡವೆಂದರು ಖಾಲಾ. ಅವಳು ವಾದಿಸಲಿಲ್ಲ. ಓಣಿಯ ಹತ್ತು ಮನೆಗಳವರು ಒಂದು ತಿಂಗಳ ಹಣ ಮುಂಗಡ ಕೊಟ್ಟರು. ಅದೇ ಬಂಡವಾಳವಾಯಿತು.

ಎಲ್ಲವೂ ಸಲೀಸಾಗಿ ನಡೆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಖಾನಾವಳಿಯವರು ಸಿಟ್ಟಾಗಿ ಉಧಾರಿ ಹಣಕ್ಕೆ ಎರಡು ತಿಂಗಳು ಓಡಾಡಿಸಿದರು. ಮೊದಲ ವಾರ ದಿನಕ್ಕೆ ಎರಡು ಪ್ಯಾಕೆಟ್ ಕೂಡ ಹೋಗಲಿಲ್ಲ. “ನಾನು ಖಾಲಾ ಅವರ ಇದ್ದ ದುಡಿಮೆಯನ್ನೂ ಹಾಳು ಮಾಡಿದೆ ಸರ್” ಎಂದು ಹುಡುಗಿ ನನ್ನ ಮುಂದೆ ಅತ್ತಳು. ನನಗೂ ಭಯವಾಗಿತ್ತು. ಕಳಿಸಿದವನು ನಾನೇ ಅಲ್ಲವೇ? ಖಾಲಾ ಮಾತ್ರ ಅವಳಿಗೆ ಧೈರ್ಯ ಹೇಳಿದರು.

ಇಂದು ದಿನಕ್ಕೆ ಆರು ಪ್ಯಾಕೆಟ್, ಅಂದರೆ ಅರವತ್ತು ರೊಟ್ಟಿ ಹೋಗುತ್ತವೆ. ಬರುವುದು 480. ಜೋಳ, ಕಟ್ಟಿಗೆ, ಕವರು, ಲೇಬಲ್ ಎಲ್ಲ ಸೇರಿ ಖರ್ಚು 220. ಉಳಿಯುವುದು 260. ಕೆಲಸ ನಾಲ್ಕೇ ಗಂಟೆ. ಇದು ಶ್ರೀಮಂತಿಕೆಯಲ್ಲ. ಆದರೆ ಲೆಕ್ಕ ಗೊತ್ತಿರುವ ದುಡಿಮೆ.

ವಿದ್ಯಾರ್ಥಿಗಳೇ, ನಿಮಗೆ ಮೂರು ಮಾತು. ಹೋದ ಕೂಡಲೇ ಬುದ್ಧಿ ಹೇಳಬೇಡಿ, ಮೊದಲು ನೋಡಿ ಬರೆಯಿರಿ. ಒಬ್ಬರ ಮನೆಯ ಲೆಕ್ಕ ನಿಮ್ಮ ಕೈಗೆ ಬಂದರೆ ಅದು ಅಮಾನತ್, ಇನ್ನೊಬ್ಬರ ಮುಂದೆ ಆಡಬೇಡಿ. ಲಾಭದ ಭರವಸೆ ಕೊಡಬೇಡಿ, ಲೆಕ್ಕ ತೋರಿಸಿ, ನಿರ್ಧಾರ ಅವರದೇ ಆಗಲಿ.

ಸಂಸ್ಥೆಯ ಹಿರಿಯರಲ್ಲಿ ಒಂದು ವಿನಂತಿ. ನಮ್ಮ ಊರಿನ ಟೈಲರ್‌ಗಳು, ಬೇಕರಿಯವರು, ಪಂಕ್ಚರ್ ಅಂಗಡಿಯವರು, ಮನೆಯಲ್ಲಿ ದುಡಿಯುವ ತಾಯಂದಿರು, ಇವರದೊಂದು ಪಟ್ಟಿ ಮಾಡಿ. ಪ್ರತಿ ವರ್ಷ ಹತ್ತು ವಿದ್ಯಾರ್ಥಿಗಳನ್ನು ಅಲ್ಲಿಗೆ ಕಳಿಸಿ. ಅವರಿಗೆ ಬಸ್ ಖರ್ಚು, ಚಹಾ ಖರ್ಚು ಸಂಸ್ಥೆಯೇ ಕೊಡಲಿ. ದುಡಿಮೆಗೆ ಬೆಲೆಯಿದೆ ಎಂದು ಕಲಿಸಹೊರಟವರು ವಿದ್ಯಾರ್ಥಿಗಳನ್ನು ಪುಕ್ಕಟೆ ದುಡಿಸಬಾರದು.

ಕೊನೆಗೆ ಪ್ರಮಾಣಪತ್ರದ ಮಾತು. ಕಾಲೇಜಿನವರು ಸಂಸ್ಥೆಯ ಮೊಹರು ಬೇಕೆಂದರು. ಖಾಲಾ ಪೇಟೆಗೆ ಹೋಗಿ ರಬ್ಬರ್ ಸ್ಟ್ಯಾಂಪ್ ಮಾಡಿಸಿಕೊಂಡು ಬಂದರು. ಕನ್ನಡದ ಪ್ರಮಾಣಪತ್ರದ ಕೆಳಗೆ ಉರ್ದುವಿನಲ್ಲಿ ಸಹಿ ಮಾಡಿ, ‘ಮಾಲೀಕರು’ ಎಂದಿರುವಲ್ಲಿ ಮೊಹರು ಒತ್ತಿದರು. ಅವರ ಮಗಳು ಈ ವರ್ಷ ಪ್ರಥಮ ಪಿ.ಯು.ಸಿ.ಗೆ ಸೇರಿದ್ದಾಳೆ. ವಾಣಿಜ್ಯ ವಿಭಾಗ. ಸಂಜೆಯ ಲೆಕ್ಕವನ್ನು ಈಗ ಅವಳೇ ಬರೆಯುತ್ತಾಳೆ.