ಹಳೆಯ ಕಾರು, ಹೊಸ ಎಣ್ಣೆ

ಹೊಸನಗರ ತಾಲ್ಲೂಕಿನ ನಮ್ಮ ಮನೆಯಲ್ಲಿ ಒಂದು ಡೀಸೆಲ್ ಅಂಬಾಸಡರ್ ಕಾರಿದೆ. ಅದನ್ನು ತಯಾರಿಸಿದ ಉತ್ತರಪಾರಾದ ಕಾರ್ಖಾನೆ 2014ರಲ್ಲಿ ಕೆಲಸ ನಿಲ್ಲಿಸಿತು. ಕಾರು ಇನ್ನೂ ನಿಲ್ಲಿಸಿಲ್ಲ. ಅಡಕೆ ಮೂಟೆ ಹೇರಿಕೊಂಡು ಬಟ್ಟೆಮಲ್ಲಪ್ಪದ ಮೇಲೆ ಸಾಗರದ ಮಂಡಿಗೆ ಹೋಗಿದೆ, ನಡುರಾತ್ರಿ ರೋಗಿಗಳನ್ನು ತೀರ್ಥಹಳ್ಳಿಗೆ ಮುಟ್ಟಿಸಿದೆ. ತಂದೆಯವರು ಕೊಂಡ ಕಾರು. ಇದರ ಎಂಜಿನ್ ಕೆಟ್ಟರೆ ಇನ್ನೊಂದನ್ನು ತರುವುದು ಸುಲಭವಲ್ಲ.

ಎರಡು ವರ್ಷದ ಕೆಳಗೆ ಮಿತ್ರರೊಬ್ಬರು, ‘ಸಿಂಥೆಟಿಕ್ ಎಣ್ಣೆ ಹಾಕಿಸಿ, ಎಂಜಿನ್ನಿಗೆ ಮರುಜನ್ಮ’ ಎಂದರು. ಸಾಧಾರಣ ಎಣ್ಣೆ ಕಚ್ಚಾತೈಲವನ್ನು ಶೋಧಿಸಿ ಪಡೆದದ್ದು. ಅದರಲ್ಲಿ ಹಿರಿದು ಕಿರಿದು ಅಣುಗಳೆಲ್ಲ ಬೆರೆತಿರುತ್ತವೆ. ಸಿಂಥೆಟಿಕ್ ಎಂಬುದು ರಸಾಯನಶಾಲೆಯಲ್ಲಿ ಬೇಕಾದ ಅಳತೆಗೆ ಕಟ್ಟಿದ ಅಣುಗಳದು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಯಮ್ಮಿನ ಅಭಾವಕ್ಕೆ ಸಿಕ್ಕಿದ ಜರ್ಮನಿ ಇದನ್ನು ಬೆಳೆಸಿತು. ಕೊರೆಯುವ ಚಳಿಯಲ್ಲಿ ಇದು ಗಟ್ಟಿಯಾಗದು, ಹೆಚ್ಚು ಕಾವಿನಲ್ಲಿ ಬೇಗ ಕೆಡದು. ಡಬ್ಬಿಯ ಮೇಲಿನ 5ಡಬ್ಲ್ಯೂ-40 ಎಂಬ ಬರಹದಲ್ಲಿ ‘ಡಬ್ಲ್ಯೂ’ ಚಳಿಗಾಲವನ್ನು ಸೂಚಿಸುತ್ತದೆ. ಆದರೆ ಅದು ಹಿಮ ಬೀಳುವ ನಾಡಿನ ಚಳಿಗಾಲ! ನಮ್ಮ ಮಾಗಿಯ ಮುಂಜಾವಿಗೆ 15ಡಬ್ಲ್ಯೂ-40 ಸಾಕು.

ಆದರೂ ಆಸೆಗೆ ಬಿದ್ದು ಹಾಕಿಸಿದೆ. ಹದಿನೈದು ದಿನದೊಳಗೆ ಶೆಡ್ಡಿನ ನೆಲದ ಮೇಲೆ ಕರಿಯ ಬೊಟ್ಟುಗಳು ಕಾಣಿಸಿದವು. ಮೆಕ್ಯಾನಿಕ್ ಎಣ್ಣೆಯನ್ನೇ ಬೈದನು. ಬಿಚ್ಚಿ ನೋಡಿದರೆ ಟ್ಯಾಪೆಟ್ ಕವರಿನ ಕಾರ್ಕ್ ಗ್ಯಾಸ್ಕೆಟ್ ಒಣಗಿ ಸೀಳಿತ್ತು. ಇಷ್ಟು ವರ್ಷ ಆ ಸೀಳನ್ನು ಮುಚ್ಚಿದ್ದುದು ಹಳೆಯ ಎಣ್ಣೆಯ ಜಿಡ್ಡು; ಹೊಸ ಎಣ್ಣೆಯೊಳಗಿನ ಮಾರ್ಜಕವು ಅದನ್ನು ತೊಳೆದುಬಿಟ್ಟಿತ್ತು. ಗ್ಯಾಸ್ಕೆಟ್ ಬದಲಿಸಿದ ಮೇಲೆ ಸೋರಿಕೆ ನಿಂತಿತು. ಮೊದಲೇ ಬದಲಿಸಿ ಅನಂತರ ಎಣ್ಣೆ ಹಾಕಿಸುವುದು ವಿವೇಕವಾಗುತ್ತಿತ್ತು. ಜಿಡ್ಡು ಕರಗಿ ಬರುವುದರಿಂದ ಹೊಸ ಎಣ್ಣೆಯ ಮೊದಲ ಸರದಿಯನ್ನು ಬೇಗನೆ, ಫಿಲ್ಟರ್ ಸಹಿತ, ಬದಲಿಸಬೇಕೆಂಬುದನ್ನೂ ಆಗ ಕಲಿತೆ. ಎಣ್ಣೆ ಕೆಲವೇ ದಿನಗಳಲ್ಲಿ ಕಪ್ಪಾಯಿತೆಂದು ಗಾಬರಿಯಾಗಬೇಕಿಲ್ಲ. ಡೀಸೆಲ್ಲಿನ ಮಸಿಯನ್ನು ತನ್ನಲ್ಲಿ ತೇಲಿಸಿ ಹಿಡಿಯುವುದು ಅದರ ಕರ್ತವ್ಯ.

ನಮ್ಮ ಸೀಮೆಯ ನಿಜವಾದ ಶತ್ರು ಬೇರೆ. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ. ಬಹುಪಾಲು ಹೊಗೆಯೊಡನೆ ಆವಿಯಾಗಿ ಹೋಗುತ್ತದೆ. ಸ್ವಲ್ಪ ಮಾತ್ರ ಸವೆದ ಪಿಸ್ಟನ್ ಉಂಗುರಗಳ ಸಂದಿನಿಂದ ಎಣ್ಣೆಗೆ ಇಳಿಯುತ್ತದೆ. ಆಗುಂಬೆಯ ಹದಿನಾಲ್ಕು ತಿರುವುಗಳನ್ನೋ ಹುಲಿಕಲ್ ಘಾಟಿಯನ್ನೋ ಏರಿದ ಎಂಜಿನ್ ಚೆನ್ನಾಗಿ ಕಾದು ಈ ನೀರನ್ನು ಆರಿಸಿಬಿಡುತ್ತದೆ. ಅಂಥ ಏರುಗಳಲ್ಲೇ ಸದಾ ಓಡಾಡುವವರಿಗೆ ಸಿಂಥೆಟಿಕ್ ಎಣ್ಣೆಯ ತಾಳಿಕೆ ನಿಜವಾಗಿ ಉಪಕಾರಿ. ಆದರೆ ಮಳೆಗಾಲದಲ್ಲಿ ನಾವು ಮಾಡುವುದೇನು? ಎರಡು ಮೈಲಿ ದೂರದ ಅಂಗಡಿಗೆ ಹೋಗಿ ಮರಳುತ್ತೇವೆ. ಎಂಜಿನ್ ಬಿಸಿಯೇರುವುದರೊಳಗೆ ಮನೆ ಬರುತ್ತದೆ, ನೀರು ಒಳಗೇ ಉಳಿಯುತ್ತದೆ. ಎಣ್ಣೆಯ ಮುಚ್ಚಳದ ಕೆಳಗೆ ಮಜ್ಜಿಗೆಯಂಥ ಬಿಳಿಯ ಲೇಪ ಕಂಡರೆ ಅದು ಇದರ ಗುರುತು. (ಜೊತೆಗೆ ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಅದು ಬೇರೆ ರೋಗ, ತಡಮಾಡಬಾರದು.) ನೀರಿಗೂ ಮಸಿಗೂ ಎಣ್ಣೆಯ ಬೆಲೆ ತಿಳಿಯದು. ದುಬಾರಿ ಎಣ್ಣೆಯೆಂದು ಹದಿನೈದು ಸಾವಿರ ಕಿಲೋಮೀಟರ್ ಎಳೆಯುವವರು, ಸಾಧಾರಣ ಎಣ್ಣೆಯನ್ನು ಆರು ತಿಂಗಳಿಗೊಮ್ಮೆ ತಪ್ಪದೆ ಬದಲಿಸುವವರಿಗಿಂತ ಹೆಚ್ಚು ನಷ್ಟಪಡುತ್ತಾರೆ.

ಈಗ ನಾನು ಡೀಸೆಲ್ ಎಂಜಿನ್ನಿಗೆಂದೇ ಮಾಡಿದ ಒಳ್ಳೆಯ 15ಡಬ್ಲ್ಯೂ-40 ಸಾಧಾರಣ ಎಣ್ಣೆಗೆ ಮರಳಿದ್ದೇನೆ. ಮಿತ್ರರಿಗೆ ಸ್ವಲ್ಪ ಬೇಸರವಿದೆ. ಈ ಸಲ ಮೃಗಶಿರಾ ಮಳೆ ಹಿಡಿಯುವ ಮೊದಲೇ ಎಣ್ಣೆ ಬದಲಿಸಿದೆ. ಮುಂದಿನ ಸರದಿ ದೀಪಾವಳಿಗೆ. ನಡುವೆ ಹದಿನೈದು ದಿನಕ್ಕೊಮ್ಮೆ, ಕೆಲಸವಿರಲಿ ಇಲ್ಲದಿರಲಿ, ತೀರ್ಥಹಳ್ಳಿಯವರೆಗೆ ಒಂದು ಸುತ್ತು ಹೋಗಿ ಬರುತ್ತೇನೆ.