ಗಡಿಗೆ ಮಾಡುವ ಕೈಗೂ ಹೆಸರು ಬರಲಿ

ಪ್ರೀತಿಯ ಅಕ್ಕ-ತಂಗಿಯರೇ,

ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆಯ ಸಂಘಗಳಿಂದ ಬಂದಿದ್ದೀರಿ. ನಿಮ್ಮಲ್ಲಿ ಕುಂಬಾರ ಮನೆತನದವರೂ ಇದ್ದೀರಿ. ಇವತ್ತು ನಿಮ್ಮ ಕಸುಬಿನ ಬಗ್ಗೆಯೇ ಮಾತಾಡೋಣ.

ಮದುವಿಗೆ ಐರಾಣಿ ಗಡಿಗೆ, ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ದೀಪಾವಳಿಗೆ ಪಣತಿ, ಬ್ಯಾಸಗಿಗೆ ನೀರಿನ ಹರವಿ. ಕುಂಬಾರರಿಲ್ಲದೆ ನಮ್ಮ ಊರು ನಡೆಯೋದಿಲ್ಲ. ಹರವಿಯ ಸಣ್ಣ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಆರುತ್ತದೆ, ಅದಕ್ಕೇ ಒಳಗಿನ ನೀರು ತಂಪಾಗಿರುತ್ತದೆ. ನಮ್ಮ ಬಿಸಿಲಿಗೆ ಕರೆಂಟಿಲ್ಲದ ಫ್ರಿಜ್ ಅದು.

ಕುಂಬಾರ ಅಂದಕೂಡಲೆ ತಿಗರಿ ತಿರುಗಿಸುವ ಗಂಡಸು ಕಣ್ಣಮುಂದೆ ಬರುತ್ತಾನೆ. ಆದರೆ ಕೆರೆಯ ಮಣ್ಣು ತಂದು ಕುಟ್ಟಿ, ಕಲ್ಲು ಆರಿಸಿ, ಸೋಸಿ, ತುಳಿದು ಹದ ಮಾಡುವವರು ಯಾರು? ನೆರಳಲ್ಲಿ ಒಣಗಿಸಿ, ಕೆಮ್ಮಣ್ಣು ಬಳಿದು, ಆವಿಗೆಗೆ ಕುಳ್ಳು ಹೊತ್ತು, ಸಂತೆಯಲ್ಲಿ ಕೂತು ಮಾರುವವರು ಯಾರು? ಹೆಚ್ಚಾಗಿ ನೀವೇ. ಸರಿಯಾಗಿ ಒಣಗದ ಗಡಿಗೆ ಆವಿಗೆಯಲ್ಲಿ ಸಿಡಿಯುತ್ತದೆ. ಮುಟ್ಟಿ ನೋಡಿ ಹದ ಹೇಳುವ ಈ ಜ್ಞಾನವನ್ನು ತಾಯಿ ಮಗಳಿಗೆ, ಅತ್ತೆ ಸೊಸೆಗೆ ಕಲಿಸಿದ್ದಾಳೆ. ಆದರೂ ಹೆಣ್ಣು ತಿಗರಿ ಮುಟ್ಟಬಾರದು ಅನ್ನುವ ಕಟ್ಟಳೆ ಬಹಳ ಕಡೆ ಇದೆ. "ಏನು ಕೆಲಸ ಮಾಡ್ತೀರವ್ವಾ?" ಅಂದರೆ "ಮನ್ಯಾಗ ಇರ್ತೀನ್ರಿ" ಅಂತೀರಿ!

ಹನ್ನೆರಡನೆಯ ಶತಮಾನದ ಶರಣ ಕುಂಬಾರ ಗುಂಡಯ್ಯನವರ ಹೆಸರು ಎಲ್ಲರಿಗೂ ಗೊತ್ತು. ಅವರ ಹೆಂಡತಿ ಕೇತಲದೇವಿಯೂ ವಚನಕಾರ್ತಿ. ಈ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ದೂರದ ಅಮೆರಿಕದಲ್ಲಿ ಪುಯೆಬ್ಲೊ ಎಂಬ ಮೂಲನಿವಾಸಿಗಳಿದ್ದಾರೆ. ಅಲ್ಲಿ ತಿಗರಿಯೇ ಇಲ್ಲದೆ, ಮಣ್ಣಿನ ಹುರಿಯನ್ನು ಸುತ್ತಿ ಸುತ್ತಿ ಗಡಿಗೆ ಕಟ್ಟುತ್ತಾರೆ. ಮರಿಯಾ ಮಾರ್ಟಿನೆಜ್ ಎಂಬಾಕೆ ಇದನ್ನು ಚಿಕ್ಕಮ್ಮನಿಂದ ಕಲಿತರು. ಗಡಿಗೆ ಮಾಡುವವರು ಮರಿಯಾ, ಚಿತ್ರ ಬರೆಯುವವರು ಗಂಡ ಜೂಲಿಯನ್. ಗಡಿಗೆಯ ತಳದಲ್ಲಿ ತಮ್ಮ ಹೆಸರನ್ನೂ ಬರೆದರು. 1980ರಲ್ಲಿ ಅವರು ತೀರಿಕೊಂಡರೂ ಮಕ್ಕಳು, ಮೊಮ್ಮಕ್ಕಳು ಆ ಕಸುಬನ್ನು ಮುಂದುವರಿಸಿದರು. ಹೆಸರು, ಬೆಲೆ ಎರಡೂ ಸಿಕ್ಕಿದ್ದರಿಂದ ಕಸುಬು ಉಳಿಯಿತು.

ಈಗ ನಮ್ಮ ವಿಷಯ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಒಂದು. ಗುರುತಿನ ಚೀಟಿ, ತರಬೇತಿ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಸಾಲ, ಇವು ಅದರಲ್ಲಿವೆ. ಆದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ. ಅದರಲ್ಲಿ ಒಬ್ಬರಿಗೆ ಮಾತ್ರ ಅವಕಾಶ. ಆ ಒಬ್ಬರು ಯಾರು? ಇದನ್ನು ಮನೆಯಲ್ಲಿ ಕೂತು ಇಬ್ಬರೂ ಮಾತಾಡಿ ತೀರ್ಮಾನಿಸಿ. ಕೇಳದೇ ಗಂಡನ ಹೆಸರೇ ಬರೆಯೋದು ಬೇಡ. ಈಗ ಅರ್ಜಿ ತಗೋತಾರೋ ಇಲ್ಲವೋ ಪಂಚಾಯತಿಯಲ್ಲಿ ವಿಚಾರಿಸಿ. ಒಬ್ಬರೇ ಹೋಗಬೇಡಿ, ಸಂಘದವರು ಸೇರಿ ಹೋಗಿ.

ಇನ್ನೆರಡು ಕೆಲಸ ಮಾಡಿ. ಗಡಿಗೆಯ ಬೆಲೆ ಕಟ್ಟುವಾಗ ನಿಮ್ಮ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಗಳಿಗೂ ತಿಗರಿ ಕಲಿಸಿ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯಿದೆ. ಕರೆಂಟಿನ ತಿಗರಿಗೆ ಕೋಲು ಹಾಕಿ ತಿರುಗಿಸುವ ಕಷ್ಟವೂ ಇಲ್ಲ.

ಬೈಬಲಿನಲ್ಲಿ ದೇವರು ಯೆರೆಮೀಯ ಪ್ರವಾದಿಯನ್ನು ಕುಂಬಾರನ ಮನೆಗೆ ಕಳಿಸುತ್ತಾರೆ. ಅಲ್ಲಿ ಪಾತ್ರೆ ಕೆಟ್ಟಾಗ ಕುಂಬಾರ ಮಣ್ಣು ಬಿಸಾಡಲಿಲ್ಲ, ಅದರಿಂದಲೇ ಬೇರೆ ಪಾತ್ರೆ ಮಾಡಿದ. ಮನುಷ್ಯರು ಮಾಡಿದ ಕಟ್ಟಳೆಯನ್ನೂ ಹಾಗೆ ತಿದ್ದಬಹುದು. ಮುಂದಿನ ಸಭೆಯಲ್ಲಿ ಯಾರಾದರೂ ಕೆಲಸ ಕೇಳಿದರೆ ಧೈರ್ಯವಾಗಿ ಹೇಳಿ: "ನಾನು ಕುಂಬಾರಿಕಿ ಮಾಡ್ತೀನ್ರಿ."